ಸಿಹಿನೀರಿನ ತೊಟ್ಟಿಗೆ ಸಮುದ್ರ ತರುವ ಮುನ್ನ



ಬಟ್ಟೆ ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಮನೆಯ ಪಡಸಾಲೆಯಲ್ಲಿ, ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಇಂದು ಮೀನಿನ ಗಾಜಿನ ತೊಟ್ಟಿ, ಅಂದರೆ ಅಕ್ವೇರಿಯಂ, ಸಾಮಾನ್ಯವಾಗಿ ಕಾಣಸಿಗುತ್ತದೆ. ಕೆಲವರು ವಾಸ್ತುವಿನ ಮಾತು ಕೇಳಿ ಇಟ್ಟಿರುತ್ತಾರೆ, ಕೆಲವರು ಮಕ್ಕಳ ಹಟಕ್ಕೆ ಮಣಿದು ತಂದಿರುತ್ತಾರೆ. ಒಂದೆರಡು ವರ್ಷ ಗೋಲ್ಡ್ ಫಿಶ್, ಗಪ್ಪಿಗಳನ್ನು ನೋಡಿದ ಮೇಲೆ ಮಕ್ಕಳಿಗೆ ಮುಂದಿನ ಆಸೆ ಹುಟ್ಟುತ್ತದೆ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಎಂಬ ಚಿತ್ರದ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಮೀನು ಮನೆಗೆ ಬರಬೇಕು ಎನ್ನುತ್ತಾರೆ. ಅದು ಕಡಲಿನ ಮೀನು. ಆಗ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಇರುವ ತೊಟ್ಟಿಗೇ ಒಂದಿಷ್ಟು ಉಪ್ಪು ಹಾಕಿದರೆ ಆಗದೇ?”

ಈ ತಿಂಗಳ ‘ಮನೆವಾರ್ತೆ’ಯಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೊಟ್ಟಿಯ ಗಾಜನ್ನು ಉಳಿಸಿಕೊಳ್ಳಬಹುದು. ಅದರೊಳಗಿನ ಮೀನು, ಗಿಡ, ಜಲ್ಲಿ, ಕಣ್ಣಿಗೆ ಕಾಣದ ಜೀವಿಗಳು ಎಲ್ಲವೂ ಬದಲಾಗಬೇಕು. ಇದಕ್ಕೆ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ಎರಡು ತಿಂಗಳ ತಾಳ್ಮೆ ಬೇಕು. ವ್ಯಾಪಾರದಲ್ಲಿ ಅವಸರ ಮಾಡಿದರೆ ನಷ್ಟ ನಮ್ಮ ಕಿಸೆಗೆ ತಟ್ಟುತ್ತದೆ. ಇಲ್ಲಿ ಅವಸರ ಮಾಡಿದರೆ ನಷ್ಟವನ್ನು ತುಂಬುವುದು ಬಾಯಿಲ್ಲದ ಒಂದು ಪಂಚೇಂದ್ರಿಯ ಜೀವ. ಆದ್ದರಿಂದ ತೊಟ್ಟಿಗೆ ಕೈ ಹಾಕುವ ಮುನ್ನ ಪೂರ್ತಿ ಲೆಕ್ಕ ತಿಳಿದಿರಬೇಕು.

ಉಪ್ಪು ಹಾಕಿದರೆ ಮೀನಿಗೆ ಏನಾಗುತ್ತದೆ?

ಹೆಚ್ಚಿದ ಸೌತೆಕಾಯಿಗೆ ಉಪ್ಪು ಸವರಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಒಣದ್ರಾಕ್ಷಿಯನ್ನು ಸಿಹಿನೀರಿನಲ್ಲಿ ಹಾಕಿಟ್ಟರೆ ಉಬ್ಬುತ್ತದೆ. ತೆಳುವಾದ ಪೊರೆಯ ಮೂಲಕ ನೀರು ತೆಳ್ಳಗಿನ ಕಡೆಯಿಂದ ಗಟ್ಟಿ ದ್ರವದ ಕಡೆಗೆ ಹರಿಯುತ್ತದೆ ಎಂಬುದೇ ಇದರ ಕಾರಣ.

ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪಾಗಿರುತ್ತದೆ. ಹೀಗಾಗಿ ಕಿವಿರು, ಚರ್ಮಗಳ ಮೂಲಕ ನೀರು ತಾನಾಗಿಯೇ ಒಳಗೆ ನುಗ್ಗುತ್ತಿರುತ್ತದೆ. ಆ ಮೀನು ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಒಳಬಂದ ನೀರನ್ನು ಮೂತ್ರವಾಗಿ ಹೊರಹಾಕುವುದೇ ಅದರ ಮೂತ್ರಪಿಂಡದ ದೊಡ್ಡ ಕೆಲಸ. ಕಡಲ ಮೀನಿನ ಸ್ಥಿತಿ ತಿರುವುಮುರುವು. ಅದರ ಮೈಯಿಂದ ನೀರು ಸದಾ ಹೊರಗೆ ಸೋರಿಹೋಗುತ್ತದೆ. ಆದ್ದರಿಂದ ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನ ಮೂಲಕ ಹೊರಗೆ ತಳ್ಳುತ್ತದೆ.

ಗೋಲ್ಡ್ ಫಿಶ್ ಇರುವ ತೊಟ್ಟಿಗೆ ಸಮುದ್ರದಷ್ಟು ಉಪ್ಪು ಸುರಿದರೆ ಅದು ನೀರಿನಲ್ಲಿದ್ದೂ ಬಾಯಾರಿ ಸಾಯುತ್ತದೆ. ಮೊಲ್ಲಿಯಂಥ ಕೆಲವು ಮೀನುಗಳು ನಿಧಾನವಾಗಿ ಒಗ್ಗಿಸಿದರೆ ಉಪ್ಪುನೀರಿನಲ್ಲಿ ಬಾಳುತ್ತವೆ. ಕಾಸರಗೋಡಿನ ಹಿನ್ನೀರಿನ ಕರಿಮೀನು ಸಿಹಿನೀರು, ಸವುಳುನೀರು ಎರಡರಲ್ಲೂ ಇರಬಲ್ಲುದು. ಇವು ಅಪವಾದಗಳು. ನಮ್ಮ ತೊಟ್ಟಿಗಳಲ್ಲಿರುವ ಬಹುಪಾಲು ಮೀನುಗಳಿಗೆ ಈ ಶಕ್ತಿ ಇಲ್ಲ.

ಕಾಣದ ಜೀವಿಗಳ ದುಡಿಮೆ

ನೀರು ಗಾಳಿಸಿ ಕುಡಿಯುವ ಮನೆತನದವರಿಗೆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಕ್ವೇರಿಯಂ ನಿಂತಿರುವುದೇ ಅವುಗಳ ದುಡಿಮೆಯ ಮೇಲೆ.

ಮೀನಿನ ಮಲ, ಉಳಿದುಹೋದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ಕಡುವಿಷ. ಜಲ್ಲಿಯ ಮೇಲೂ ಫಿಲ್ಟರಿನ ಸ್ಪಂಜಿನಲ್ಲೂ ಅಂಟಿಕೊಂಡಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೇಟಿನ ವಿಷ ಬಹಳ ಕಡಿಮೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಅದು ಹತೋಟಿಯಲ್ಲಿರುತ್ತದೆ.

ಸಿಹಿನೀರಿನಲ್ಲಿ ಬೆಳೆದ ಈ ಜೀವಿಗಳು ಒಮ್ಮೆಲೇ ಉಪ್ಪು ಬಿದ್ದರೆ ಹೆಚ್ಚಾಗಿ ಸಾಯುತ್ತವೆ ಇಲ್ಲವೇ ಕೆಲಸ ನಿಲ್ಲಿಸುತ್ತವೆ. ಹಳೆಯ ಫಿಲ್ಟರನ್ನು ಹಾಗೆಯೇ ಬಳಸುತ್ತೇನೆಂದರೆ ಆಗದಿರುವುದಕ್ಕೆ ಇದೇ ಕಾರಣ. ಉಪ್ಪುನೀರಿಗೆ ಒಗ್ಗಿದ ಹೊಸ ಬಳಗ ನೆಲೆಯೂರಲು 4ರಿಂದ 6 ವಾರ, ಕೆಲವೊಮ್ಮೆ 8 ವಾರ ಬೇಕಾಗುತ್ತದೆ.

ಇನ್ನೊಂದು ತೊಡಕೂ ಇದೆ. ಸಿಹಿನೀರಿನ ತೊಟ್ಟಿಯ ಪಿಎಚ್ ಸಾಮಾನ್ಯವಾಗಿ 7ರ ಆಸುಪಾಸು, ಸಮುದ್ರದ ನೀರಿನದು 8.1ರಿಂದ 8.4. ಪಿಎಚ್ ಏರಿದಂತೆ ಅಮೋನಿಯಾದ ವಿಷದ ಅಂಶವೂ ಏರುತ್ತದೆ. ಎರಡೂ ತೊಟ್ಟಿಗಳಲ್ಲಿ ಅಷ್ಟೇ ಅಮೋನಿಯಾ ಇದ್ದರೂ ಉಪ್ಪುನೀರಿನ ತೊಟ್ಟಿಯಲ್ಲಿ ವಿಷವಾಗಿ ಕೆಲಸ ಮಾಡುವ ಪಾಲು ಸುಮಾರು 10 ಪಟ್ಟು. ಇದರ ಜೊತೆಗೆ ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಭಾಗ ಕಡಿಮೆ. ಹೀಗಾಗಿ ಸಿಹಿನೀರಿನಲ್ಲಿ ಹೇಗೋ ತೂಗಿಹೋಗುತ್ತಿದ್ದ ಅಲಕ್ಷ್ಯ ಇಲ್ಲಿ ತೂಗುವುದಿಲ್ಲ.

ಅಡಿಗೆ ಉಪ್ಪು ಏಕೆ ಸಾಲದು?

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದೆಲ್ಲ ನಮ್ಮ ಅಡಿಗೆ ಮನೆಯ ಉಪ್ಪಲ್ಲ. ತೂಕದಲ್ಲಿ ಶೇಕಡಾ 55ರಷ್ಟು ಕ್ಲೋರೈಡ್, 30ರಷ್ಟು ಸೋಡಿಯಂ ಇದ್ದರೆ, ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಕಡಲ ಜೀವಿಗಳಿಗೆ ಇವೆಲ್ಲ ಸರಿಯಾದ ಪ್ರಮಾಣದಲ್ಲಿ ಬೇಕು. ಅಂಗಡಿಯ ಪುಡಿ ಉಪ್ಪಿನಲ್ಲಾಗಲಿ ಕಲ್ಲುಪ್ಪಿನಲ್ಲಾಗಲಿ ಆ ಪ್ರಮಾಣ ಇರುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ಹರಳುಗಟ್ಟುವಾಗಲೇ ಕ್ಯಾಲ್ಸಿಯಂ ಬೇರೆಯಾಗಿ, ಮೆಗ್ನೀಷಿಯಂ ಉಳಿದ ನೀರಿನ ಜೊತೆ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಅಕ್ವೇರಿಯಂಗಾಗಿಯೇ ತಯಾರಿಸಿದ ಸಮುದ್ರ ಲವಣದ ಮಿಶ್ರಣವನ್ನೇ ಕೊಳ್ಳಬೇಕು.

ಕಾಸರಗೋಡು, ಗೋವೆಗಳ ಬಂಧುಗಳು ಕಡಲೇ ಎದುರಿಗಿದೆಯಲ್ಲ ಎನ್ನಬಹುದು. ದಂಡೆಯ ನೀರು ನಂಬಿಕೆಗೆ ಅರ್ಹವಲ್ಲ. ಚಂದ್ರಗಿರಿಯಂಥ ನದಿ ಸೇರುವಲ್ಲಿ ಮಳೆಗಾಲದಲ್ಲಿ ಉಪ್ಪಿನಂಶ ಇಳಿದುಹೋಗುತ್ತದೆ. ದೋಣಿಗಳ ಎಣ್ಣೆ, ಊರಿನ ಚರಂಡಿಯ ಕೊಳೆಯೂ ಬೆರೆತಿರುತ್ತದೆ. ಅಲ್ಲಿಯವರಿಗೂ ಮಿಶ್ರಣದ ಲವಣವೇ ಸುರಕ್ಷಿತ.

ಕೆಲಸದ ಕ್ರಮ

ಮೊದಲನೆಯ ಕೆಲಸ ಇರುವ ಮೀನುಗಳಿಗೆ ಬೇರೆ ನೆಲೆ ಹುಡುಕುವುದು. ಈಗಾಗಲೇ ತೊಟ್ಟಿ ಸಾಕುತ್ತಿರುವ ನೆಂಟರಿಗೋ, ಪರಿಚಯದ ಶಾಲೆಗೋ ಕೇಳಿ ಕೊಡಿ. ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ಅದೂ ಒಳ್ಳೆಯದೇ. ಇದು ಆಗುವ ತನಕ ಮುಂದಿನ ಹೆಜ್ಜೆ ಇಡಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಭಯದಾನವೆಂದು ಭಾವಿಸಿ ಸಾಕಿದ ಮೀನನ್ನು ಕೆರೆಗೋ, ನದಿಗೋ, ಬಸದಿಯ ಪುಷ್ಕರಣಿಗೋ ಬಿಡುವ ರೂಢಿ ನಮ್ಮಲ್ಲಿದೆ. ಭಾವನೆ ಶುದ್ಧವಾದದ್ದು, ಫಲ ಮಾತ್ರ ಘಾತಕ. ಗಾಜು ಸ್ವಚ್ಛ ಮಾಡುತ್ತದೆಂದು ತರುವ ‘ಸಕ್ಕರ್’ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಬಿಟ್ಟದ್ದೂ ತಪ್ಪಿಸಿಕೊಂಡದ್ದೂ ಸೇರಿ ಅದು ದಕ್ಷಿಣ ಭಾರತದ ಎಷ್ಟೋ ಕೆರೆ ನದಿಗಳಲ್ಲಿ ತುಂಬಿಕೊಂಡಿದೆ, ಊರಿನ ಮೂಲ ಮೀನುಗಳ ನೆಲೆಯನ್ನು ಕಸಿದುಕೊಂಡಿದೆ. ಕಡಲಿನ ಕಥೆಯೂ ಹೀಗೆಯೇ. ನಮ್ಮ ಹಿಂದೂ ಮಹಾಸಾಗರ, ಶಾಂತಸಾಗರಗಳ ‘ಲಯನ್ ಫಿಶ್’ 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಮೊದಲು ಕಂಡಿತು. ಅಕ್ವೇರಿಯಂಗಳಿಂದ ಬಿಟ್ಟ ಮೀನುಗಳೇ ಅದರ ಮೂಲವೆಂದು ಭಾವಿಸಲಾಗಿದೆ. ಇಂದು ಕೆರಿಬಿಯನ್ ಕಡಲಿನಲ್ಲೆಲ್ಲ ಅದು ಹಬ್ಬಿ ಅಲ್ಲಿಯ ಮರಿಮೀನುಗಳನ್ನು ಲೆಕ್ಕವಿಲ್ಲದಷ್ಟು ತಿನ್ನುತ್ತಿದೆ. ಒಂದು ಜೀವಕ್ಕೆ ಅಭಯ ಕೊಟ್ಟು ಸಾವಿರ ಜೀವಕ್ಕೆ ಭಯ ತಂದಂತಾಗುತ್ತದೆ.

ಎರಡನೆಯದು ತೊಟ್ಟಿಯನ್ನು ಬರಿದು ಮಾಡುವುದು. ಸಿಹಿನೀರಿನ ಗಿಡ, ಮರದ ತುಂಡು, ಬಣ್ಣದ ಜಲ್ಲಿ ಎಲ್ಲವನ್ನೂ ತೆಗೆಯಿರಿ. ಗಾಜನ್ನು ಸಾಬೂನಿಲ್ಲದೆ ನೀರು ಹಾಗೂ ವಿನಿಗರ್‌ನಿಂದ ತಿಕ್ಕಿ ಚೆನ್ನಾಗಿ ತೊಳೆಯಿರಿ. ಹಿಂದೆ ಮೀನಿನ ರೋಗಕ್ಕೆಂದು ತಾಮ್ರದ ಅಂಶವಿರುವ ಔಷಧಿ ಹಾಕಿದ್ದರೆ ಎಚ್ಚರ. ಜಲ್ಲಿಯಲ್ಲೂ ಗಾಜಿನ ಅಂಚಿನ ಸಿಲಿಕೋನಿನಲ್ಲೂ ಅದರ ಶೇಷ ಉಳಿದಿರಬಹುದು. ಸೀಗಡಿ, ಶಂಖದ ಹುಳುಗಳಂಥ ಜೀವಿಗಳಿಗೆ ಅತ್ಯಲ್ಪ ತಾಮ್ರವೂ ಪ್ರಾಣಾಂತಿಕ. ಹಿತ್ತಾಳೆಯ ನಲ್ಲಿ, ಕಬ್ಬಿಣದ ಬಿಜಾಗರಿ ಇರುವ ಮುಚ್ಚಳಗಳನ್ನೂ ಬದಲಾಯಿಸಬೇಕು.

ಮೂರನೆಯದು ಮರಳು ಮತ್ತು ಕಲ್ಲು. ಅರಗೊನೈಟ್ ಎಂಬ ಸುಣ್ಣದಂಶದ ಮರಳನ್ನು ಅಂಗಡಿಯಲ್ಲಿ ಮಾರುತ್ತಾರೆ. ಅದು ಪಿಎಚ್ ಇಳಿಯದಂತೆ ನೋಡಿಕೊಳ್ಳುತ್ತದೆ. ಕಲ್ಲಾಗಿ ರಂಧ್ರಗಳುಳ್ಳ ಸೆರಾಮಿಕ್ ಕಲ್ಲನ್ನು ಆರಿಸಿಕೊಳ್ಳಿ. ಬ್ಯಾಕ್ಟೀರಿಯಾ ನೆಲೆಸುವುದು ಆ ರಂಧ್ರಗಳಲ್ಲಿಯೇ.

ನಾಲ್ಕನೆಯದು ನೀರು. ಮೊದಲ ಸಲ ತೊಟ್ಟಿ ಖಾಲಿ ಇರುವುದರಿಂದ ಅದರಲ್ಲಿಯೇ ಲವಣ ಕದಡಬಹುದು. ಮೀನು ಬಂದ ಮೇಲೆ ಹಾಗೆ ಮಾಡಬಾರದು. ಬೇರೆ ಪ್ಲಾಸ್ಟಿಕ್ ಬಕೀಟಿನಲ್ಲಿ ಲವಣ ಕರಗಿಸಿ, ಗಾಳಿಯ ಪಂಪು ಹಾಕಿ ಒಂದು ದಿನ ಬಿಟ್ಟು ಬಳಸಬೇಕು. ಅಳೆಯಲು ಹೈಡ್ರೋಮೀಟರ್ ಸಿಗುತ್ತದೆ. ಹಾಲು ನೋಡುವ ಲ್ಯಾಕ್ಟೋಮೀಟರಿನ ಜಾತಿಯದೇ ಅದು. ಅದರಲ್ಲಿ 1.025 ತೋರಿಸಬೇಕು. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು.

ಐದನೆಯದು ಕಾಯುವುದು. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬಂದರೆ ಅದು ಕೊಳೆತು ಅಮೋನಿಯಾ ಹುಟ್ಟಿ ಬ್ಯಾಕ್ಟೀರಿಯಾಕ್ಕೆ ಮೇವಾಗುತ್ತದೆ. ಪರೀಕ್ಷೆಯ ಕಿಟ್ ತಂದು ವಾರಕ್ಕೆರಡು ಸಲ ನೋಡಿ ಬರೆದಿಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ಒಂದು ವಾರ ಹಾಗೆಯೇ ನಿಂತರೆ ತೊಟ್ಟಿ ಸಿದ್ಧ. ನಡುವೆ ಗಾಜಿನ ಮೇಲೆ ಕಂದು ಪಾಚಿ ಕಟ್ಟಬಹುದು. ಗಾಬರಿ ಬೇಡ, ತಾನಾಗಿ ಹೋಗುತ್ತದೆ.

ಕೆಲವು ಅಂಗಡಿಯವರು “ಒಂದೆರಡು ಗಟ್ಟಿ ಮೀನು ಹಾಕಿ, ಬೇಗ ಸಿದ್ಧವಾಗುತ್ತದೆ” ಎನ್ನುತ್ತಾರೆ. ಅಂದರೆ ಆ ಮೀನುಗಳು ಅಮೋನಿಯಾದಲ್ಲಿ ಬೆಂದು ತೊಟ್ಟಿಯನ್ನು ಹದಕ್ಕೆ ತರಬೇಕು. ಸತ್ತರೆ ಬೇರೆ ತಂದರಾಯಿತು ಎಂಬ ಲೆಕ್ಕ ಅದು. ನಮ್ಮ ಮನೆಗಳಲ್ಲಿ ಈ ಲೆಕ್ಕ ನಡೆಯಬಾರದು.

ಬಡ್ಡಿ ಹೋಗುತ್ತದೆ, ಅಸಲು ಉಳಿಯುತ್ತದೆ

ತೊಟ್ಟಿಯಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹೊಸಬರು ತಿಳಿಯದೆ ಎಡವುವುದು ಇಲ್ಲಿಯೇ. 3 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಮಿನಂತೆ ಲವಣ ಐದೂಕಾಲು ಕಿಲೋ. ಹತ್ತು ದಿನದಲ್ಲಿ 15 ಲೀಟರ್ ಆವಿಯಾಯಿತು ಎನ್ನೋಣ. ಉಳಿದ 135 ಲೀಟರಿನಲ್ಲಿ ಅದೇ ಐದೂಕಾಲು ಕಿಲೋ ಇರುತ್ತದೆ, ಅಂದರೆ ಲೀಟರಿಗೆ ಸುಮಾರು 39 ಗ್ರಾಂ. ಇದಕ್ಕೆ ಮತ್ತೆ ಉಪ್ಪುನೀರನ್ನೇ ತುಂಬಿದರೆ ಇನ್ನೂ ಅರ್ಧ ಕಿಲೋ ಲವಣ ಸೇರಿದಂತಾಯಿತು. ಆವಿಯಾಗಿ ಹೋದದ್ದಕ್ಕೆ ಶುದ್ಧ ಸಿಹಿನೀರನ್ನೇ ಪ್ರತಿದಿನ ತುಂಬಬೇಕು. ತೊಟ್ಟಿಯ ಹೊರಗೆ ಒಂದು ಗೆರೆ ಎಳೆದಿಟ್ಟು ನೀರನ್ನು ಆ ಗೆರೆಗೆ ತಂದು ನಿಲ್ಲಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಉಪ್ಪುನೀರು ಬೇಕಾಗುವುದು ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ಬದಲಾಯಿಸುವಾಗ ಮಾತ್ರ. ಆಗ 15 ಲೀಟರಿಗೆ 525 ಗ್ರಾಂ ಲವಣ ಹಿಡಿಯುತ್ತದೆ. ತೆಗೆದ ಉಪ್ಪುನೀರನ್ನು ಗಿಡದ ಬುಡಕ್ಕಾಗಲಿ ಬಾವಿಯ ಹತ್ತಿರವಾಗಲಿ ಚೆಲ್ಲಬಾರದು, ಮಣ್ಣು ಕೆಡುತ್ತದೆ.

ತೂಕವನ್ನೂ ಗಮನಿಸಿ. ಬರೀ ನೀರೇ ಸುಮಾರು 154 ಕಿಲೋ. ಗಾಜು, ಮರಳು, ಕಲ್ಲು ಸೇರಿದರೆ 2 ಕ್ವಿಂಟಾಲಿನ ಹತ್ತಿರ ಬರುತ್ತದೆ. ಅಂಗಡಿಯ ಕೌಂಟರ್ ಮೇಲೆ ಇಡುವ ವಸ್ತುವಲ್ಲ. ಜೊತೆಗೆ ನೀರಿನ ಗುಳ್ಳೆ ಸಿಡಿದು ಸುತ್ತಲೂ ಉಪ್ಪಿನ ಪುಡಿ ಕಟ್ಟುತ್ತದೆ. ಸೀರೆಯ ರಾಶಿ, ಲೆಕ್ಕದ ಕಂಪ್ಯೂಟರ್, ವಿದ್ಯುತ್ತಿನ ಬೋರ್ಡುಗಳಿಂದ ದೂರವಿರುವುದೇ ಕ್ಷೇಮ. ಪ್ಲಗ್ಗಿಗೆ ಹೋಗುವ ವೈರು ಒಮ್ಮೆ ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತೆ ಬಿಡಬೇಕು. ಆಗ ವೈರಿನ ಮೇಲೆ ಜಿನುಗಿದ ನೀರು ಪ್ಲಗ್ಗಿಗೆ ಹರಿಯದೆ ಕೆಳಗೆ ತೊಟ್ಟಿಕ್ಕುತ್ತದೆ.

ವಿದ್ಯುತ್ತಿನ ಲೆಕ್ಕ ಹೀಗಿದೆ. 30 ವ್ಯಾಟಿನ ಪಂಪು ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 22 ಯೂನಿಟ್. 40 ವ್ಯಾಟಿನ ದೀಪ ದಿನಕ್ಕೆ 8 ತಾಸು ಉರಿದರೆ ಸುಮಾರು 10 ಯೂನಿಟ್. ಹೀಟರ್ ಬೇಕಾದಲ್ಲಿ ಅದು ಬೇರೆ.

ಊರಿನ ಹವೆ, ಊರಿನ ನೀರು

ನೀಲಗಿರಿಯ ಚಳಿಗೆ ಹೀಟರ್ ಇಲ್ಲದೆ ಕಡಲ ಮೀನು ಉಳಿಯುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳ ಕಡೆ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವುದು ವಾಡಿಕೆ. ಅಲ್ಲಿ ತೊಟ್ಟಿಯನ್ನು ತಂಪಾಗಿಡುವುದೇ ದೊಡ್ಡ ಕೆಲಸ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಆವಿಯಾಗುವ ನೀರೂ ಹೆಚ್ಚುತ್ತದೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆಯಾಗುವುದರಿಂದ ಮೇ ತಿಂಗಳ ಮಧ್ಯಾಹ್ನ ಒಂದೆರಡು ತಾಸು ವಿದ್ಯುತ್ ಹೋದರೂ ಅಪಾಯ. ಇನ್ವರ್ಟರ್ ಅಥವಾ ಬ್ಯಾಟರಿಯ ಗಾಳಿ ಪಂಪು ಇರಲೇಬೇಕು.

ಪಂಪು ಇಲ್ಲದ ಕಾಲದಲ್ಲಿ ಹೇಗೆ ಸಾಕುತ್ತಿದ್ದರು ಎಂದು ಮಕ್ಕಳು ಕೇಳಬಹುದು. 1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಗೃಹಿಣಿ ಕಡಲತೀರದಿಂದ ಹವಳಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಸಮುದ್ರದ ನೀರು ಹಳಸದಿರಲೆಂದು ಮನೆಯ ಸೇವಕಿ ತೆರೆದ ಕಿಟಕಿಯ ಬಳಿ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ವಿದ್ಯುತ್ ಹೋದಾಗ ಚೊಂಬಿನಿಂದ ತೊಟ್ಟಿಯ ನೀರನ್ನು ಎತ್ತಿ ಎತ್ತಿ ಹೊಯ್ಯುವ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ‘ಅಕ್ವೇರಿಯಂ’ ಎಂಬ ಹೆಸರನ್ನು ರೂಢಿಗೆ ತಂದದ್ದು 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ.

ಇನ್ನು ನೀರಿನ ಮಾತು. ಮಡಕಶಿರಾ, ರಾಯದುರ್ಗದ ಕಡೆಯ ಕೊಳವೆಬಾವಿಗಳಲ್ಲಿ ಗಡಸುತನದ ಜೊತೆಗೆ ಫ್ಲೋರೈಡ್ ಸಮಸ್ಯೆಯೂ ಇದೆ. ಅಂಥ ನೀರನ್ನು ನೇರವಾಗಿ ಬಳಸುವಂತಿಲ್ಲ, ಆರ್‌ಒ ಯಂತ್ರದ ನೀರೇ ಬೇಕು. ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಹಾಕುತ್ತದೆ ಎಂದುಕೊಂಡರೆ, ಮೊದಲ ಸಲ ತೊಟ್ಟಿ ತುಂಬಲು 300ರಿಂದ 450 ಲೀಟರ್ ವ್ಯರ್ಥ. ಆ ಮೇಲೆ ವಾರಕ್ಕೆ ಬೇಕಾಗುವ 25 ಲೀಟರಿಗೆ 50ರಿಂದ 75 ಲೀಟರ್. ಹೊರಬಂದ ನೀರನ್ನು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸಬಹುದು, ನಿಜ. ಆದರೂ ಓಣಿಯ ಜನ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಿರುವ ಊರಿನಲ್ಲಿ ಇದು ತೂಗಿ ನೋಡಬೇಕಾದ ವಿಷಯ.

ಯಾವ ಮೀನು? ಯಾವ ಹವಳ?

ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಬಹುಪಾಲು ಕೊಳಗಳಲ್ಲಿ ಮರಿ ಮಾಡಿಸಿದವು. ಚೆನ್ನೈನ ಕೊಳತ್ತೂರು ಈ ವ್ಯಾಪಾರಕ್ಕೆ ಪ್ರಸಿದ್ಧ. ಕಡಲ ಮೀನುಗಳಲ್ಲಿ ಬಹುಪಾಲು ಸಮುದ್ರದಿಂದ ಹಿಡಿದು ತಂದವು. 1960ರ ದಶಕದಲ್ಲಿ ಫಿಲಿಪೈನ್ಸ್‌ನಲ್ಲಿ ಸಯನೈಡ್ ದ್ರಾವಣವನ್ನು ಹವಳದ ಸಂದುಗಳಿಗೆ ಚಿಮ್ಮಿಸಿ, ಮಂಪರು ಬಂದ ಮೀನನ್ನು ಹಿಡಿಯುವ ಕ್ರೂರ ವಿಧಾನ ಆರಂಭವಾಗಿ ಇತರ ದೇಶಗಳಿಗೂ ಹರಡಿತು. ಆ ವಿಷಕ್ಕೆ ಸುತ್ತಲಿನ ಹವಳವೂ ಸಾಯುತ್ತದೆ. ಹೀಗೆ ಹಿಡಿದ ಮೀನು ಹೊರನೋಟಕ್ಕೆ ಚೆನ್ನಾಗಿದ್ದು ಕೆಲವು ವಾರಗಳಲ್ಲಿ ಕಾರಣ ತಿಳಿಯದೆ ಸಾಯಬಹುದು.

ಆದ್ದರಿಂದ ತರುವುದೇ ಆದರೆ ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ತನ್ನಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಕ್ಲೌನ್ ಫಿಶ್’ನ, ಅಂದರೆ ಮಕ್ಕಳ ನೀಮೋವಿನ, ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಸಮುದ್ರದಲ್ಲಿ ಅದು ಕಡಲ ಹೂವೆಂದು ಕರೆಯುವ ಜೀವಿಯ ಆಶ್ರಯದಲ್ಲಿರುತ್ತದೆ, ಆದರೆ ತೊಟ್ಟಿಯಲ್ಲಿ ಆ ಜೀವಿ ಇಲ್ಲದೆಯೂ ಬಾಳುತ್ತದೆ. ಹುಟ್ಟುವಾಗ ಇವೆಲ್ಲ ಗಂಡಾಗಿ ಬೆಳೆಯುವಂಥವೇ. ಜೊತೆಯಲ್ಲಿ ಪ್ರಬಲವಾದದ್ದು ಹೆಣ್ಣಾಗಿ ಮಾರ್ಪಡುತ್ತದೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತದೆ. ಇಂದು ಹಟ ಮಾಡಿದ ಮಗು ಕಾಲೇಜಿಗೆ ಹೋದ ಮೇಲೂ ಮೀನು ಮನೆಯಲ್ಲಿರುತ್ತದೆ ಎಂಬುದನ್ನು ನೆನಪಿಡಿ.

150 ಲೀಟರಿನ ತೊಟ್ಟಿಗೆ ಮೊದಲು ಎರಡೇ ಮೀನು ತನ್ನಿ. ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಒಂದು ತಾಸಿನವರೆಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಚೀಲಕ್ಕೆ ಸೇರಿಸಿ, ಆಮೇಲೆ ಮೀನನ್ನು ಮಾತ್ರ ಬಿಡಿ. ಚೀಲದ ನೀರು ತೊಟ್ಟಿಗೆ ಬೇಡ. ಸಿಹಿನೀರಿನಲ್ಲಿ ಇದೇ ತೊಟ್ಟಿ 20 ಸಣ್ಣ ಮೀನುಗಳನ್ನು ತಾಳುತ್ತಿತ್ತು. ಈಗ ನಾಲ್ಕು ಸಣ್ಣ ಮೀನಿಗಿಂತ ಹೆಚ್ಚು ಬೇಡ.

ಹವಳದ ವಿಷಯದಲ್ಲಿ ಕಾನೂನೇ ಅಡ್ಡ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ನಮ್ಮ ಕಡಲಿನ ಕಲ್ಲುಹವಳ, ಕಡಲ ಕುದುರೆ, ಕಡಲ ಸೌತೆಗಳಿಗೆ ಕಟ್ಟುನಿಟ್ಟಿನ ರಕ್ಷಣೆಯಿದೆ. ಅವುಗಳನ್ನು ಹಿಡಿಯುವುದು, ಮಾರುವುದು ಶಿಕ್ಷಾರ್ಹ. ಅಲಂಕಾರಕ್ಕೆಂದು ಮಾರುವ ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ನವರತ್ನದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಬೇರೆಯೇ ಜಾತಿ. ಎರಡನ್ನೂ ಒಂದೆಂದು ತಿಳಿಯಬಾರದು.

ವ್ರತದ ತಕ್ಕಡಿಯಲ್ಲಿ

ತತ್ತ್ವಾರ್ಥ ಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸಿದೆ. ಅವುಗಳಲ್ಲಿ ಕಟ್ಟಿಹಾಕುವುದು, ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು ಮೂರು. ಎತ್ತು ಕುದುರೆಗಳಿಂದ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಗೃಹಸ್ಥರಿಗೆ ಹೇಳಿದ ಈ ಮಾತುಗಳು ಗಾಜಿನ ತೊಟ್ಟಿಗೂ ಹೊಂದುತ್ತವೆ. ಸಣ್ಣ ತೊಟ್ಟಿಯಲ್ಲಿ ಕಡಲ ಮೀನನ್ನು ಕೂಡಿಹಾಕುವುದು ಬಂಧನವೇ. ತಾಳಲಾರದಷ್ಟು ಮೀನು ತುಂಬುವುದು ಅತಿಭಾರವೇ. ಎಂಟು ದಿನ ತೀರ್ಥಯಾತ್ರೆಗೆ ಹೋಗುವಾಗ ನೀರು ತುಂಬಲು, ಆಹಾರ ಹಾಕಲು ಯಾರಿಗೂ ಹೇಳದೆ ಬೀಗ ಹಾಕುವುದು ಅನ್ನಪಾನ ನಿರೋಧವೇ.

ಇದಕ್ಕಿಂತಲೂ ಕಠಿಣವಾದ ಮಾತು ಆಹಾರದ್ದು. ಕ್ಲೌನ್ ಫಿಶ್ ಪಾಚಿಯ ಜೊತೆಗೆ ಸಣ್ಣ ಜೀವಿಗಳನ್ನೂ ತಿನ್ನುವ ಮೀನು. ಬರೀ ಸಸ್ಯಾಹಾರದಿಂದ ಅದನ್ನು ಆರೋಗ್ಯವಾಗಿ ಸಾಕಲಾಗದು. ಅಂಗಡಿಯಲ್ಲಿ ಸಿಗುವ ಕಾಳು ಆಹಾರದಲ್ಲಿ ಮೀನಿನ ಪುಡಿ, ಸೀಗಡಿ ಪುಡಿ ಇರುತ್ತದೆ. ಕೆಲವರು ಜೀವಂತ ಸಣ್ಣ ಸೀಗಡಿಯನ್ನೇ ಹಾಕುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಕಂದಮೂಲ ಮುಟ್ಟದ ಮನೆಯಲ್ಲಿ ಈ ಡಬ್ಬಿ ಎಲ್ಲಿ ಇರಬೇಕು, ಯಾರ ಕೈ ಅದನ್ನು ಮುಟ್ಟಬೇಕು ಎಂಬುದನ್ನು ಮೀನು ತರುವ ಮುಂಚೆಯೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು. ತಂದ ಮೇಲೆ ಅಜ್ಜಿ ಬೇಡವೆಂದರೆ ಉಪವಾಸ ಬೀಳುವುದು ಮೀನು.

ಗೋಲ್ಡ್ ಫಿಶ್, ಮೊಲ್ಲಿಗಳ ಮಾತು ಬೇರೆ. ಅವಕ್ಕೂ ಮಾರುವ ಕಾಳಿನಲ್ಲಿ ಸಾಮಾನ್ಯವಾಗಿ ಮೀನಿನ ಪುಡಿ ಇದ್ದೇ ಇರುತ್ತದೆ, ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ ನೋಡಿ. ಆದರೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬಾಡಿಸಿದ ಸೊಪ್ಪು, ಸ್ಪಿರುಲಿನಾ ಪಾಚಿಯ ಕಾಳು ಇವನ್ನು ಅವು ಚೆನ್ನಾಗಿ ತಿಂದು ಅರಗಿಸಿಕೊಳ್ಳುತ್ತವೆ. ನಮ್ಮ ಮನೆಯ ರೀತಿನೀತಿಗೆ ಹೆಚ್ಚು ಹತ್ತಿರವಾಗುವುದು ಇರುವ ಸಿಹಿನೀರಿನ ತೊಟ್ಟಿಯೇ.

ಇಷ್ಟೆಲ್ಲ ನೋಡಿದ ಮೇಲೆ ಈ ಅಂಕಣದ ಸಲಹೆ ಇದು. ನೀರಿನ ಅಭಾವವಿರುವ, ಬಿಸಿಲು ಹೆಚ್ಚಿರುವ ಊರಿನವರು, ವರ್ಷದಲ್ಲಿ ಮೇಲಿಂದ ಮೇಲೆ ಮನೆ ಬಿಟ್ಟು ಹೋಗುವವರು, ಆಹಾರದ ವಿಷಯದಲ್ಲಿ ಮನಸ್ಸು ಒಪ್ಪದವರು ಈ ಬದಲಾವಣೆಗೆ ಕೈ ಹಾಕದಿರುವುದೇ ಮೇಲು. ಇರುವ ತೊಟ್ಟಿಯಲ್ಲಿ ಮೀನಿನ ಸಂಖ್ಯೆ ಕಡಿಮೆ ಮಾಡಿ, ಗಿಡ ಬೆಳೆಸಿ, ಇರುವ ಜೀವಗಳನ್ನು ಸುಖವಾಗಿಡಲಿ. ಎಲ್ಲ ಲೆಕ್ಕ ತಾಳೆಯಾದವರು ಮೇಲೆ ಹೇಳಿದ ಕ್ರಮದಲ್ಲಿ ನಡೆಯಲಿ. ಮಕ್ಕಳಿಗೆ ಎರಡು ತಿಂಗಳು ಖಾಲಿ ತೊಟ್ಟಿಯನ್ನು ತೋರಿಸಿ, ದಿನವೂ ನೀರಿನ ಗೆರೆ ನೋಡಿಸಿ, ವಾರಕ್ಕೆರಡು ಸಲ ಪರೀಕ್ಷೆಯ ಅಂಕಿಗಳನ್ನು ಅವರ ಕೈಯಿಂದಲೇ ಪುಸ್ತಕದಲ್ಲಿ ಬರೆಸಿರಿ. ಆ ಎರಡು ತಿಂಗಳು ಬೇಸರವಿಲ್ಲದೆ ಬರೆದ ಮಗುವಿನ ಕೈಗೆ ಮುಂದಿನ ಹತ್ತು ವರ್ಷ ಎರಡು ಜೀವಗಳನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಹದಿನೈದು ದಿನಕ್ಕೇ ಪುಸ್ತಕ ಮೂಲೆ ಸೇರಿದರೆ, ಮೀನು ತರುವ ಮೊದಲೇ ಉತ್ತರ ಸಿಕ್ಕಂತಾಯಿತು.